ಪೂಜೆಗಿಟ್ಟ ಸೀಲು

ಪಾಸಾದರೂ ಮಗಳು ಇನ್ನೂ ಸಿ.ಎ. ಆಗಿಲ್ಲ ಎಂಬ ಮಾತು ಕೇಳಿ ಮುನಿರತ್ನಮ್ಮನ ಕೈಯಲ್ಲಿದ್ದ ಹಿಟ್ಟಿನ ಕೋಲು ನಿಂತೇ ಹೋಯಿತು. ಒಲೆಯ ಮೇಲೆ ರಾಗಿ ಹಿಟ್ಟು ಕೊತಕೊತ ಎನ್ನುತ್ತಿತ್ತು. ಅವತ್ತು ಬೆಳಿಗ್ಗೆಯಷ್ಟೇ ಮಗ ಅನಂತರಾಜು ಕಲ್ಲುಬಾವಿದೊಡ್ಡಿ ಗೇಟಿನ ಬಸ್ ನಿಲ್ದಾಣದಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿ ಬಂದಿದ್ದ. ‘ನಮ್ಮೂರಿನ ಹೆಮ್ಮೆಯ ಕುವರಿ ಸಿ.ಎ. ಸಿರಿ ಕೆಂಚಯ್ಯ ಅವರಿಗೆ ಅಭಿನಂದನೆಗಳು’ ಎಂದು ಅದರಲ್ಲಿ ಬರೆಸಿದ್ದ. ಅಭಿನಂದನೆ ಪಡೆದವಳ ಫೋಟೋಗಿಂತ ಅಭಿನಂದನೆ ಸಲ್ಲಿಸಿದವನ ಫೋಟೋ ಒಂದು ಸುತ್ತು ದೊಡ್ಡದಾಗಿತ್ತು, ಅದು ಬೇರೆ ಮಾತು.

“ಅಣ್ಣ, ಅದನ್ನ ಮೊದ್ಲು ಇಳಿಸ್ಬುಡು,” ಎಂದಳು ಸಿರಿ, ಬಸ್ಸಿಳಿದು ಬಂದವಳು ಚಪ್ಪಲಿಯನ್ನೂ ಬಿಡದೆ. “ನಾನಿನ್ನೂ ಸಿ.ಎ. ಅಂತ ಹಾಕ್ಕಳಂಗಿಲ್ಲ.”

“ಪಾಸಾಗಿದೀಯಲ್ಲ ತಾಯಿ! ಇನ್ನೇನು ಬೇಕಂತೆ ಅವ್ರಿಗೆ?” ಎಂದ ಅನಂತರಾಜು.

“ಪಾಸಾಗಿದೀನಿ, ಮೆಂಬರ್ ಆಗಿಲ್ಲ. ಸಿ.ಎ.ಗಳ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕ್ಬೇಕು. ಅವ್ರು ಒಪ್ಪಿ ನಂಬರ್ ಕೊಟ್ಮೇಲೆ ಆ ಎರಡಕ್ಷರ.”

ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ವೆಂಕಟಲಕ್ಷ್ಮಮ್ಮ ಕುಟ್ಟಾಣಿ ನಿಲ್ಲಿಸಿ ಕೇಳಿದಳು, “ಮೆಂಬರಾ? ಹಾಲಿನ ಡೈರೀಗಾ?”

ಅಜ್ಜಿಯ ಮಾತಿಗೆ ನಗುವಂತಿರಲಿಲ್ಲ. ಆ ಮನೆಗೆ ಗೊತ್ತಿದ್ದದ್ದು ಅದೊಂದೇ ಸದಸ್ಯತ್ವ. ಡೈರಿಯಲ್ಲಿ ಮೆಂಬರು ಕೆಂಚಯ್ಯ. ಹಾಲು ಕರೆಯುವವಳು, ಕ್ಯಾನು ಹೊತ್ತು ಹೋಗುವವಳು, ಸಹಿ ಹಾಕುವವಳು ಮಾತ್ರ ಅವನ ಹೆಂಡತಿ ಮುನಿರತ್ನಮ್ಮ. ಏಳನೇ ಕ್ಲಾಸಿನವರೆಗೆ ಓದಿದ ಅವಳು ‘ಕೆಂಚಯ್ಯ’ ಎಂದು ಬರೆದಷ್ಟು ದುಂಡಗೆ ಸ್ವತಃ ಕೆಂಚಯ್ಯನಿಗೂ ಬರೆಯಲು ಬರುತ್ತಿರಲಿಲ್ಲ. “ಅಕ್ಕ, ಯಜಮಾನ್ರ ಸೈನ್ ಹಾಕ್ಬುಡಿ,” ಎಂದು ಸೆಕ್ರೆಟರಿಯೇ ಪುಸ್ತಕ ಮುಂದೆ ತಳ್ಳುತ್ತಿದ್ದ. ಊರಿನ ಅರ್ಧಕ್ಕರ್ಧ ಹೆಂಗಸರು ಹಾಗೆಯೇ ಗಂಡನ ಹೆಸರಿನಲ್ಲಿ ಸಹಿ ಮಾಡುತ್ತಿದ್ದರು. ಮಕ್ಕಳ ಮಾರ್ಕ್ಸ್ ಕಾರ್ಡಿಗೂ ಅದೇ, ಸೊಸೈಟಿಯ ಗೊಬ್ಬರಕ್ಕೂ ಅದೇ. ಮೆಂಬರು ಮನೆಗೊಬ್ಬ, ಸಹಿ ಯಾರ ಕೈ ಬಿಡುವಾಗಿದೆಯೋ ಅವರದು.

ಊಟಕ್ಕೆ ಕುಳಿತಾಗ ಮಾತು ಸಿರಿಯ ರೆಸ್ಯೂಮಿನ ಮೇಲೆ ಹೊರಳಿತು. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಖಾಲಿ ಇತ್ತು. ಅವಳು ಕೆಲಸ ಕಲಿತ ರಾಮನಗರದ ಆಡಿಟರ್ ಸಾಹೇಬರೇ ಅರ್ಜಿ ಹಾಕು ಎಂದಿದ್ದರು. ಅನಂತರಾಜುವಿಗೆ ತಂಗಿಯ ಒಂದೇ ಪುಟದ ರೆಸ್ಯೂಮು ನೋಡಿ ಬೇಜಾರಾಯಿತು.

“ಇದೇನಮ್ಮ, ಇಷ್ಟೇಯ? ಟೈಪಿಂಗ್ ಸರ್ಟಿಫಿಕೇಟ್ ಹಾಕು. ಭಾಷಣದಲ್ಲಿ ಪ್ರೈಜ್ ಬಂದಿತ್ತಲ್ಲ, ಅದಾಕು. ಮೊಬೈಲಲ್ಲಿ ಬತ್ತಾವೆ ನೋಡು, ಅಂತಾರಾಷ್ಟ್ರೀಯ ಲೆಕ್ಕಿಗರ ಸಂಘ ಅಂತೆಲ್ಲ. ದುಡ್ಡು ಕಟ್ಟುದ್ರೆ ಸಂಜೆಗೇ ಮೆಂಬರ್‌ಶಿಪ್ಪು. ಅವೂ ನಾಕು ಇರ್ಲಿ, ತೂಕ ಬತ್ತದೆ.”

“ದುಡ್ಡು ಕಟ್ಟುದ್ರೆ ಸಿಗೋದನ್ನ ನೋಡಿ ಆ ಕಂಪನಿಯವ್ರು ನಗ್ತಾರೆ ಅಣ್ಣ. ಆಫೀಸಲ್ಲಿ ಕಲ್ತಿದ್ದು, ಪಾಸಾಗಿದ್ದು, ಮೆಂಬರ್ ನಂಬರು. ಇನ್ನೇನೂ ಬೇಡ.”

“ಅಂಥದ್ದೇನೈತೆ ಆ ನಂಬರ್ನಾಗೆ?” ಎಂದ ಕೆಂಚಯ್ಯ, ಮುದ್ದೆ ಮುರಿಯುತ್ತ.

“ಡಿಗ್ರೀನ ಒಂದ್ಸಲ ಕೊಟ್ರೆ ಮುಗೀತಪ್ಪ. ಆಮೇಲೆ ನಾನೇನ್ ಮಾಡುದ್ರೂ ಅದು ನಂದೇ. ಇದು ಹಂಗಲ್ಲ. ಸುಳ್ಳಿಗೆ ಸೈನ್ ಹಾಕುದ್ರೆ ಕಿತ್ಕತಾರೆ. ಕಿತ್ಕಳೋದು ಅಂತ ಗೊತ್ತಿರೋದ್ರಿಂದ್ಲೇ ಕೆಲಸ ಕೊಡೋರು ಇದನ್ನ ನಂಬೋದು.”

ಕೊಟ್ಟದ್ದನ್ನು ಕಿತ್ತುಕೊಳ್ಳುವ ಜನವೂ ಇದ್ದಾರೆಯೇ ಎಂದು ಮುನಿರತ್ನಮ್ಮನಿಗೆ ದಿಗಿಲಾಯಿತು. “ಎಂಥವ್ರೋ ಏನೋ, ಉಂಡ್ಕೊ ಮಗ,” ಎಂದು ಮಗಳ ತಟ್ಟೆಗೆ ಇನ್ನೊಂದು ಸೌಟು ಉಪ್ಪುಸಾರು ಬಿಟ್ಟಳು.

ನಂಬರು ಮಹಾನವಮಿಗೆ ಮುಂಚೆಯೇ ಬಂತು, ಕೆಲಸವೂ ಕೂಡಿಬಂತು. ಕೊನೆಗೆ ಉಳಿದ ಇಬ್ಬರಲ್ಲಿ ಇನ್ನೊಬ್ಬನಿಗೆ ಹೆಚ್ಚು ಅನುಭವವಿತ್ತು, ಆದರೆ ನಂಬರು ಇದ್ದದ್ದು ಸಿರಿಗೆ. ದೀಪಾವಳಿ ಕಳೆದ ಮೇಲೆ ಬಂದು ಸೇರಿಕೊಳ್ಳಿ ಎಂದರಂತೆ. ಈ ಸಲ ಕೆಂಚಯ್ಯನ ಹಿಗ್ಗನ್ನು ಹಿಡಿಯುವವರೇ ಇರಲಿಲ್ಲ. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಲು ಹೋದವನು, ತಾಲ್ಲೂಕು ಕಚೇರಿಯ ಮುಂದಿನ ಅಂಗಡಿಯಲ್ಲಿ ಮಗಳಿಗೆ ಹೇಳದೆ ಕೇಳದೆ ಒಂದು ಸೀಲು ಮಾಡಿಸಿಕೊಂಡು ಬಂದ. ಸಿರಿಯ ಹೆಸರು, ಅದರ ಕೆಳಗೆ ಚಾರ್ಟರ್ಡ್ ಅಕೌಂಟೆಂಟ್, ಅದರ ಕೆಳಗೆ ಮೆಂಬರ್ ನಂಬರು. ನಂಬರನ್ನು ಅನಂತರಾಜುವಿನ ಮೊಬೈಲಿನಲ್ಲಿದ್ದ ಸರ್ಟಿಫಿಕೇಟಿನ ಫೋಟೋ ನೋಡಿ ಕೊಟ್ಟಿದ್ದ.

ಆಯುಧಪೂಜೆಯ ದಿನ ಸೊಪ್ಪು ಕೊಚ್ಚುವ ಕತ್ತಿ, ಗುದ್ದಲಿ, ಹಾಲಿನ ಕ್ಯಾನುಗಳ ಸಾಲಿನಲ್ಲಿ ಸೀಲನ್ನೂ ಮಣೆಯ ಮೇಲೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿದರು. ಹಬ್ಬಕ್ಕೆಂದು ಸಿರಿಯ ಜೊತೆ ಅಸ್ರಾ ಬಂದಿದ್ದಳು. ರಾಮನಗರದ, ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆಯ ಹುಡುಗಿ, ಅದೇ ಆಡಿಟರ್ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದಳು; ಅವಳಿಗಿನ್ನೂ ಒಂದು ಪರೀಕ್ಷೆ ಬಾಕಿ ಇತ್ತು. ಬಂದಾಗಲೆಲ್ಲ ಸೀರೆ ಸೆರಗು ಸಿಕ್ಕಿಸಿಕೊಂಡವರ ಜೊತೆ ತಾನೂ ದುಪಟ್ಟಾ ಸಿಕ್ಕಿಸಿಕೊಂಡು ರೇಷ್ಮೆಯ ಹುಳುಮನೆಗೆ ಸೊಪ್ಪು ಹೊರುತ್ತಿದ್ದ ಹುಡುಗಿ ಎಂದು ಮುನಿರತ್ನಮ್ಮನಿಗೆ ಅವಳ ಮೇಲೆ ಅಕ್ಕರೆ. ಮೊದಲು ಸೀಲು ಕಂಡದ್ದು ಅವಳ ಕಣ್ಣಿಗೆ.

“ಸಿರಿ, ಇದ್ಯಾರು ಮಾಡ್ಸಿದ್ದು?”

ಸಿರಿ ನೋಡಿದಳು. ಹಾವು ಮೆಟ್ಟಿದವಳಂತೆ ಹಿಂದೆ ಸರಿದಳು. “ಅಪ್ಪ! ಏನಪ್ಪ ಇದು?”

“ನಿಂಗೇ ಕಣವ್ವ. ಡಾಕ್ಟ್ರಿಗೆ ಟೆತಾಸ್ಕೋಪು, ನಿಂಗೆ ಸೀಲು.”

“ನಾನು ಕಂಪನಿ ಕೆಲಸಕ್ಕೆ ಹೋಗೋಳು. ಹೊರಗಡೆಯವ್ರ ಪತ್ರಕ್ಕೆ ಸೈನ್ ಮಾಡ್ಬೇಕಾದ್ರೆ ಬೇರೆ ಪರವಾನಗಿ ತಗೋಬೇಕು, ನಾನು ತಗಂಡಿಲ್ಲ. ಈ ಸೀಲನ್ನ ನಾನೇ ಎಲ್ಲೂ ಒತ್ತಂಗಿಲ್ಲ. ಕೊಡಿಲ್ಲಿ.”

ಅವಳು ಕೈ ಚಾಚಿದ್ದೇ ಅಜ್ಜಿ ಅಡ್ಡ ಬಂದಳು. “ಪೂಜೆಗಿಟ್ಟುದ್ದ ಇವತ್ತು ಕದಲುಸ್ತಾರೇನೆ? ಅಪಶಕುನದ್ ಮುಂಡೇದೆ! ನಾಳಿಕ್ಕೆ ತಗದ್ರಾಯ್ತು.”

ನಾಳೆಯವರೆಗೆ ಕಾಯಲು ಸಿರಿಗೆ ಪುರುಸೊತ್ತಿರಲಿಲ್ಲ, ಸಂಜೆಯ ಬಸ್ಸಿಗೆ ಇಬ್ಬರೂ ರಾಮನಗರಕ್ಕೆ ಹೋಗಬೇಕಿತ್ತು. “ಅವ್ವ, ಟ್ರಂಕಲ್ಲಿಟ್ಟು ಬೀಗ ಹಾಕು. ಮುಂದಿನ್ಸಲ ಬಂದು ತಗಂಡೋಯ್ತೀನಿ. ಯಾರ ಕೈಗೂ ಕೊಡ್ಬೇಡ,” ಎಂದು ಹೇಳಿ ಹೋದಳು. ಮುನಿರತ್ನಮ್ಮ ಹಾಗೆಯೇ ಮಾಡಿದಳು. ಕೆಂಚಯ್ಯನಿಗೆ ಮಾತ್ರ ಎರಡು ದಿನ ಮುಖವೇ ಇರಲಿಲ್ಲ.

ಮುನಿಯಪ್ಪ ಬಂದದ್ದು ಅದಾದ ಮೇಲಿನ ವಾರ. ಮುನಿರತ್ನಮ್ಮನ ಬೆನ್ನಿಗೆ ಹುಟ್ಟಿದ ತಮ್ಮ, ಕನಕಪುರದ ಹತ್ತಿರ ಕಲ್ಲು ಕೊಯ್ಯುವ ಯಾರ್ಡು ಇಟ್ಟುಕೊಂಡಿದ್ದವನು. ಗೌರಿ ಹಬ್ಬಕ್ಕೆ ಅಕ್ಕನಿಗೆ ಸೀರೆ ತರುವುದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ಸಿರಿ ಕಾಲೇಜು ಓದಿದ್ದೂ ಅವನ ಮನೆಯಲ್ಲಿದ್ದುಕೊಂಡೇ. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದು ಬಂದವನು ಕೂರುವ ಮೊದಲೇ ವಿಷಯ ತೆಗೆದ.

“ಅಕ್ಕ, ರಸ್ತೆ ಪಕ್ಕ ಕೂರ್ಸೋ ಕಲ್ಲಿಂದು ಒಂದ್ ಟೆಂಡರ್ ಐತೆ. ನಾಳಿಕ್ಕೆ ಕೊನೆ. ಯಾಪಾರ ಇಷ್ಟಾಗೈತೆ ಅಂತ ಸಿ.ಎ. ಕಡೆಯಿಂದ ಸರ್ಟಿಫಿಕೇಟ್ ಬೇಕಂತೆ. ಮನೇಲೇ ಸಿ.ಎ. ಮಡೀಕಂಡು ಊರೆಲ್ಲ ಯಾಕೆ ಅಲೀಲಿ? ಸಿರಿ ಕೈಲಿ ಒಂದ್ ಸೈನ್ ಹಾಕ್ಸಿಕೊಡು.”

ಫೋನು ಹಚ್ಚಿದರು. ಸಿರಿಯ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿರಲಿಲ್ಲ, ನೇರವಾಗಿತ್ತು. “ಮಾವ, ನಂಗೆ ಅಧಿಕಾರ ಇಲ್ಲ. ಇದ್ದಿದ್ರೂ ನಿಮ್ ಲೆಕ್ಕ ಪೂರ್ತಿ ನೋಡ್ದೆ ಮಾಡ್ತಿರ್ಲಿಲ್ಲ. ನಿಮ್ ಆಡಿಟರ್ ಇದಾರಲ್ಲ, ಅವ್ರ ಹತ್ರಾನೇ ಮಾಡ್ಸಿ.”

ಮುನಿಯಪ್ಪ ಫೋನನ್ನು ಅಕ್ಕನ ಕೈಗೆ ಕೊಟ್ಟ. ಅವಳು ತಂದಿಟ್ಟ ಕಾಫಿಯನ್ನು ಮುಟ್ಟದೆ ಎದ್ದು ನಿಂತ.

“ನಮ್ಮನೆ ಅನ್ನ ಉಂಡು ಓದ್ದೋಳು ಕಣಕ್ಕ. ಲೆಕ್ಕ ನೋಡ್ಬೇಕಂತೆ ನಮ್ದು. ಆಗ್ಲಿ ಬುಡು.” ಬಾಗಿಲ ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದ. “ಬತ್ತೀನಿ ಅನ್ನಕಿಲ್ಲ. ಹೋಯ್ತೀನಿ ಅಂತೀನಿ.”

ಹೊರಡುವವನು ‘ಬರ್ತೀನಿ’ ಎನ್ನದೆ ‘ಹೋಗ್ತೀನಿ’ ಎನ್ನುವುದೆಂದರೆ ಏನೆಂದು ಯಾವ ಹೆಣ್ಣುಮಗಳಿಗೆ ತಾನೇ ಗೊತ್ತಿಲ್ಲ! ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ತೌರುಮನೆ ಎಂದು ಮುನಿರತ್ನಮ್ಮನಿಗೆ ಉಳಿದದ್ದು ಈ ತಮ್ಮನೊಬ್ಬನೇ. ಕೆಂಚಯ್ಯ ಹಿಪ್ಪುನೇರಳೆ ತೋಟದಲ್ಲಿದ್ದ. ಮಗ ಬೆಂಗಳೂರಿಗೆ ಹೋಗಿದ್ದ. ಅತ್ತೆ ಪಕ್ಕದ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು.

“ಮುನಿಯ, ನಿಂತ್ಕ,” ಎಂದಳು. “ಸೀಲು ಇಲ್ಲೇ ಐತೆ.”

ಟ್ರಂಕಿನ ಬೀಗ ತೆಗೆಯುವಾಗ ಅವಳ ಕೈ ನಡುಗಲಿಲ್ಲ. ಅದನ್ನು ನೆನೆಸಿಕೊಂಡು ಆಮೇಲೆ ಅವಳು ಎಷ್ಟೋ ಸಲ ಬೆವೆತಳು. ಮಗಳು ಮೆಂಬರು, ತಾನು ಮಗಳ ತಾಯಿ. ಕೆಲಸದ ಗಡಿಬಿಡಿಯಲ್ಲಿ ಮಗಳಿಗೆ ಆಗಲಿಲ್ಲ, ತನ್ನ ಕೈ ಬಿಡುವಾಗಿದೆ. ಅವಳಿಗೆ ತೋಚಿದ್ದು ಇಷ್ಟೇ. ಸಿರಿ ಯಾವಾಗಲೂ ಕನ್ನಡದಲ್ಲೇ ಸಹಿ ಹಾಕುತ್ತಿದ್ದಳು. ಅವಳ ಸಹಿಯಿದ್ದ ರೆಸ್ಯೂಮಿನ ಒಂದು ಪ್ರತಿ ದೇವರ ಪಟದ ಹಿಂದೆಯೇ ಇತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು, ಮುನಿಯಪ್ಪ ತೋರಿಸಿದ ಜಾಗದಲ್ಲಿ ಸೀಲು ಒತ್ತಿ, ಮೇಲೆ ‘ಸಿರಿ’ ಎಂದು ಎರಡಕ್ಷರ ಬರೆದಳು. ಕಾಗದದಲ್ಲಿ ಇದ್ದದ್ದೆಲ್ಲ ಇಂಗ್ಲಿಷು.

“ಅವ್ಳಿಗೆ ಏಳ್ಬೇಡ, ನಾನೇ ಸಮಯ ನೋಡ್ಕಂಡು ಏಳ್ತೀನಿ,” ಎಂದಳು.

“ನಾನ್ಯಾಕೇಳ್ಳಿ?” ಎಂದು ಮುನಿಯಪ್ಪ ನಕ್ಕ. ಮತ್ತೆ ಕಾಯಿಸಿಕೊಟ್ಟ ಕಾಫಿ ಕುಡಿದು, “ಬತ್ತೀನಿ ಕಣಕ್ಕ,” ಎಂದು ಹೋದ.

ಸಮಯ ನೋಡಲು ಸಮಯವೇ ಸಿಗಲಿಲ್ಲ. ರೇಷ್ಮೆಹುಳುಗಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಬಕಾಸುರನಂತೆ ತಿನ್ನುತ್ತಿದ್ದವು, ಸೊಪ್ಪು ತಂದು ಸುರಿದಷ್ಟೂ ಸಾಲದು. ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿಗೆ ಮನೆಯವರೆಲ್ಲರ ಸೊಂಟ ಬಿದ್ದುಹೋಗಿತ್ತು. ಅಂಥದೊಂದು ಮಧ್ಯಾಹ್ನ, ಕೆಲಸದ ದಿನದಲ್ಲಿ, ಸಿರಿ ಹುಳುಮನೆಯ ಬಾಗಿಲಲ್ಲಿ ಬಂದು ನಿಂತಳು. ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಸೀಲು ಎಲ್ಲೈತೆ?”

“ಟ್ರಂಕಲ್ಲೈತಲ್ಲ. ಯಾಕ್ ಮಗ?” ಎಂದ ಕೆಂಚಯ್ಯ.

“ಅದನ್ನ ಯಾರೋ ಒತ್ತವ್ರೆ. ನನ್ ಹೆಸ್ರಲ್ಲಿ ಸೈನ್ ಹಾಕವ್ರೆ. ಟೆಂಡರ್ ಆಫೀಸಿಂದ ನಂಗೆ ಮೇಲ್ ಬಂದೈತೆ. ಸಿ.ಎ. ಯಾವ್ದಕ್ಕೆ ಸೈನ್ ಮಾಡುದ್ರೂ ಇನ್‌ಸ್ಟಿಟ್ಯೂಟ್ ವೆಬ್‌ಸೈಟಿಂದ ಆ ಕಾಗದಕ್ಕೇ ಅಂತ ಒಂದ್ ನಂಬರ್ ಪಡೀಬೇಕು. ಇದರಲ್ಲಿ ಇಲ್ಲ. ವಾರದೊಳಗೆ ಉತ್ತರ ಕೊಡು, ಇಲ್ದಿದ್ರೆ ಇನ್‌ಸ್ಟಿಟ್ಯೂಟಿಗೆ ದೂರು ಕಳುಸ್ತೀವಿ ಅಂದವ್ರೆ.”

“ಕಳ್ಸುದ್ರೆ?” ಎಂದ ಕೆಂಚಯ್ಯ.

“ಮೆಂಬರ್‌ಶಿಪ್ ಹೋಯ್ತದೆ. ಅದು ಹೋದ್ರೆ ಬಿಡದಿ ಕೆಲಸ ಹೋಯ್ತದೆ. ಆಮೇಲೆ ಲೆಕ್ಕದ ಕೆಲಸಕ್ಕೆ ಯಾರೂ ನನ್ನ ಒಳಕ್ಕೇ ಬುಡಲ್ಲ.”

ಮುನಿರತ್ನಮ್ಮನ ಕೈಯಿಂದ ಸೊಪ್ಪಿನ ಮಂಕರಿ ಜಾರಿತು. ಹೇಳಬೇಕೆಂದು ಬಾಯಿ ತೆರೆದಳು, ಆದರೆ ಅಷ್ಟರಲ್ಲಿ ಕೆಂಚಯ್ಯ ಗರ್ಜಿಸುತ್ತ ಮಗನ ಕಡೆಗೆ ತಿರುಗಿದ್ದ.

“ಲೇ ಅನಂತ! ನಿಂದೇ ಏನ್ಲಾ ಇದು? ಫ್ಲೆಕ್ಸು ಗಿಕ್ಸು ಅಂತ ಹಾರಾಡ್ತಿದ್ದೋನು ನೀನೇ ಅಲ್ವೇನ್ಲಾ?”

“ಅಪ್ಪೋ, ದೇವ್ರಾಣೆ ನಂಗೊತ್ತಿಲ್ಲ. ಸೀಲು ಮಾಡ್ಸಿದ್ದು ನೀನು, ಬೈಸ್ಕಳದು ನಾನಾ?”

“ಎದುರು ಮಾತಾಡ್ತೀಯಾ?” ಕೆಂಚಯ್ಯ ಬೆಳೆದ ಮಗನ ಕೆನ್ನೆಗೆ ಬಾರಿಸಿಯೇ ಬಿಟ್ಟ. ಅನಂತರಾಜು ಕೆನ್ನೆ ಹಿಡಿದುಕೊಂಡು ಅಪ್ಪನನ್ನು ನೋಡುತ್ತ ನಿಂತ. ಮದುವೆಗೆ ಹೆಣ್ಣು ಹುಡುಕುತ್ತಿರುವ ಮಗನಿಗೆ ಹೊಡೆದೆನಲ್ಲ ಎಂದು ಕೆಂಚಯ್ಯನೂ ಗರಬಡಿದವನಂತೆ ನಿಂತ. ಮುನಿರತ್ನಮ್ಮ ಆಗಲೂ ಹೇಳಲಿಲ್ಲ. ಹೇಳಲಾರದೆ ಕುಸಿದು ಕುಳಿತವಳನ್ನು ಕಂಡು ಎಲ್ಲರೂ ಗಾಬರಿಯಿಂದ ಬಿದ್ದಳೆಂದುಕೊಂಡರು. ನೀರು ತಂದುಕೊಟ್ಟದ್ದು ಹೊಡೆತ ತಿಂದ ಮಗನೇ.

ಸರ್ಟಿಫಿಕೇಟು ಮುನಿಯಪ್ಪನ ಯಾರ್ಡಿನ ಹೆಸರಿನಲ್ಲಿತ್ತಾದ್ದರಿಂದ ಅವನಿಗೆ ಫೋನು ಹೋಯಿತು. ಸಂಜೆಗೆ ಅವನು ಬೈಕಿನಲ್ಲಿ ಬಂದ. ಅವನ ಟೆಂಡರೂ ಹೋಗಿತ್ತು, ಮುಖದಲ್ಲಿ ಕಳೆ ಇರಲಿಲ್ಲ. ಯಾರು ಸಹಿ ಹಾಕಿದರು ಎಂದು ಸಿರಿ ಕೇಳಿದಾಗ ಅಕ್ಕನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಉತ್ತರ ನುಂಗಿಕೊಂಡ.

“ಯಾರಾದ್ರೇನವ್ವ ಈಗ? ಬೆಂಕಿ ಬಿದ್ದೈತೆ, ಆರ್ಸೋದು ನೋಡುವ. ನಿಮ್ಮಾಫೀಸಲ್ಲಿ ಆ ಸಾಬರುಡ್ಗಿ ಅವ್ಳಲ್ಲ, ಅಸ್ರಾನೋ ಗಿಸ್ರಾನೋ. ಅವ್ಳು ಮಾಡುದ್ಲು ಅಂತ ಬರ್ಕೊಟ್ಬುಡು. ನಾನೂ ಹೂಂ ಅಂತೀನಿ, ಅವ್ಳೇ ತಂದ್ಕೊಟ್ಲು ಅಂತ. ಅವ್ಳಿಗೆ ಮೆಂಬರೂ ಇಲ್ಲ ಗಿಂಬರೂ ಇಲ್ಲ, ಕಳ್ಕಳಕ್ಕೆ ಏನೈತೆ?”

ಮುನಿರತ್ನಮ್ಮ ತಮ್ಮನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ತಾನು ಎತ್ತಿ ಆಡಿಸಿದ, ಗೌರಿ ಹಬ್ಬಕ್ಕೆ ಸೀರೆ ತರುವ ಇದೇ ಮುನಿಯನೇ ಈ ಮಾತು ಆಡಿದ್ದು ಎಂದು ನಂಬಲು ಅವಳಿಗೆ ಆಗಲಿಲ್ಲ. ಬೇರೆಯವರ ಮನೆಯ ಹೆಣ್ಣು ಕೂಸನ್ನು ಬಾವಿಗೆ ನೂಕುವುದನ್ನು ಅವನು ಬೀಡಿ ಹಚ್ಚಿದಷ್ಟು ಸಲೀಸಾಗಿ ಹೇಳಿದ್ದ.

“ಥೂ ನಿನ್ನ!” ಎಂದಳು. “ಆ ಮಗೀನ್ ಹೆಸ್ರು ಎತ್ತುದ್ರೆ ನಾಲ್ಗೆ ಕಿತ್ತಾಕ್ತೀನಿ. ಸಿರಿ, ಸೈನ್ ಹಾಕಿದ್ದು ನಾನು. ಸೀಲು ಒತ್ತಿದ್ದೂ ನಾನೇ ಕಣವ್ವ.”

ಯಾರೂ ನಂಬಲಿಲ್ಲ. ಅಜ್ಜಿ ಮೊದಲು ಬಾಯಿ ಬಿಟ್ಟಳು. “ಏನಂದೆ? ನಿಂಗೇನ್ ಬಂದಿತ್ತೆ ಅಂಥ ಕೇಡು?”

“ಬುದ್ಧಿ ಎಲ್ಲಿ ಮಡಗಿದ್ದೆ?” ಕೆಂಚಯ್ಯ ಕೂಗಾಡಿದ. “ಮಗಳ ಸೈನು ನೀನಾಕದಾ?”

“ನಿಮ್ ಸೈನು ಆಕಲಿಲ್ವಾ ನಾನು?” ಎಂದು ಅವಳೂ ಕೂಗಿದಳು. “ನಿಮ್ ಮಕ್ಳು ಹುಟ್ಟದಾಗ್ನಿಂದ ಆಕ್ತಾ ಇಲ್ವಾ? ಒಂದಿನಾರೂ ತಪ್ಪು ಅಂದ್ರಾ? ಡೈರಿಯೋರು ಅಂದ್ರಾ? ಮನೇ ಮೆಂಬರು, ಮನೇವ್ರು ಆಕಿದ್ರೆ ಆಯ್ತದೆ ಅಂದ್ಕಂಡೆ. ತಮ್ಮ ಹೋಯ್ತೀನಿ ಅಂದ್ಬುಟ್ಟ. ನಾನೇನ್ ಮಾಡ್ಲಿ?”

ಮಧ್ಯಾಹ್ನದಿಂದ ಕೆನ್ನೆ ಸವರಿಕೊಳ್ಳುತ್ತಿದ್ದ ಅನಂತರಾಜು ಎದ್ದು ಹಟ್ಟಿಯ ಕಡೆಗೆ ಹೋದ. ಸಿರಿ ಮಾತ್ರ ಅಳಲೂ ಇಲ್ಲ, ಕೂಗಲೂ ಇಲ್ಲ. ಅವ್ವನ ಎದುರು ಬಂದು ನಿಂತಳು.

“ಅವ್ವ, ಮಾವನ ಆಡಿಟರ್ ಇದೇ ಲೆಕ್ಕಕ್ಕೆ ಸೈನ್ ಹಾಕಕಿಲ್ಲ ಅಂದಿದ್ರು. ನಾನು ಇವತ್ತು ಕೇಳ್ಕಂಡು ಬಂದೆ. ಆಗಿರೋ ಯಾಪಾರ ಇದರಲ್ಲಿ ಬರ್ದಿರೋದ್ರ ಅರ್ಧಾನೂ ಇಲ್ಲ.”

ಮುನಿರತ್ನಮ್ಮ ತಮ್ಮನ ಕಡೆ ತಿರುಗಿದಳು. ಅವನು ಬೈಕಿನ ಕೀಲಿ ಹುಡುಕುತ್ತಿದ್ದ. ಅಧಿಕಾರವಿಲ್ಲದ ಸಹಿ ಒಂದು ತಪ್ಪಾದರೆ, ಸುಳ್ಳಿಗೆ ಹಾಕಿದ ಸಹಿ ಇನ್ನೊಂದು. ಎರಡೂ ತನ್ನ ಕೈಯಿಂದಲೇ ಆಗಿದ್ದವು. ಮುನಿಯಪ್ಪ ಹೊರಟಾಗ ಬತ್ತೀನಿ ಎಂದನೋ ಹೋಯ್ತೀನಿ ಎಂದನೋ ಯಾರೂ ಕೇಳಿಸಿಕೊಳ್ಳಲಿಲ್ಲ.

ರಾಮನಗರದ ಆಡಿಟರ್ ಸಾಹೇಬರು ಸಿರಿಗೆ ದಾರಿ ಹೇಳಿದ್ದರು. ಸಹಿ ತನ್ನದಲ್ಲ ಎಂದು ಟೆಂಡರ್ ಕಚೇರಿಗೆ ಬರೆಯಬೇಕು, ಇನ್‌ಸ್ಟಿಟ್ಯೂಟಿಗೂ ತಾನೇ ಮೊದಲು ತಿಳಿಸಬೇಕು. ಬರೀ ಬಾಯಿಮಾತು ಸಾಲದು, ಪೊಲೀಸರಿಗೆ ದೂರು ಕೊಟ್ಟು ಅದರ ರಸೀದಿ ಲಗತ್ತಿಸಬೇಕು. ಹಾಕಿದವರು ಯಾರೆಂದು ಗೊತ್ತಿದ್ದರೆ ಹೆಸರು ಮುಚ್ಚಿಡುವಂತಿಲ್ಲ. ಇದನ್ನು ಹೇಳಿದ ಮೇಲೆ ಮನೆ ಇನ್ನೊಂದು ಸಲ ರಣರಂಗವಾಯಿತು.

“ಹೆತ್ತವ್ವನ್ ಮೇಲೆ ಪೊಲೀಸ್ ಕಂಪ್ಲೇಂಟಾ?” ಅಜ್ಜಿ ಎದೆ ಬಡಿದುಕೊಂಡಳು. “ಇಂಥ ಓದು ಯಾವ್ ಮನೆಗೂ ಬ್ಯಾಡ ಕಣಪ್ಪ!”

“ಯಾರೋ ಗೊತ್ತಿಲ್ಲದೋರು ಮಾಡವ್ರೆ ಅಂತ ಬರೀ ಮಗ,” ಎಂದು ಕೆಂಚಯ್ಯ ಮೆತ್ತಗೆ ಹೇಳಿದ. “ಸೀಲು ಕಳೆದೋಗಿತ್ತು ಅಂತ ಬರೀ. ಒಸಿ ಸುಳ್ಳು, ಏನಾಯ್ತದೆ?”

“ಆ ಒಸಿ ಸುಳ್ಳೂ ಬೇಡ ಅಂತಾನೇ ಕಣಪ್ಪ ನಂಗೆ ಆ ನಂಬರ್ ಕೊಟ್ಟಿರೋದು,” ಎಂದಳು ಸಿರಿ. ಎರಡು ದಿನ ಅವಳು ಹಾಗೆಯೇ ಗಟ್ಟಿಯಾಗಿದ್ದಳು. ಊಟಕ್ಕೆ ಕುಳಿತರೆ ಅವ್ವ ಬಡಿಸಿದ್ದನ್ನು ತಲೆಯೆತ್ತದೆ ಉಣ್ಣುತ್ತಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸಿಗೆ ಇಷ್ಟು ಕಲ್ಲೆದೆ ಎಲ್ಲಿಂದ ಬಂತು ಎಂದು ಮುನಿರತ್ನಮ್ಮ ಹೆದರಿದಳು. ಹೆದರುತ್ತಲೇ ಮಗಳ ತಟ್ಟೆಗೆ ತುಪ್ಪ ಹೆಚ್ಚು ಹಾಕಿದಳು. ಸೋಮವಾರ ಬೆಳಿಗ್ಗೆ ಹಾಲು ಕರೆದು, ಕ್ಯಾನನ್ನು ಗಂಡನ ಕೈಗೆ ಕೊಟ್ಟು, ಸೀರೆ ಬದಲಿಸಿಕೊಂಡು ಬಂದು, “ನಡಿ ಹೋಗನ,” ಎಂದಳು. ಕೆಂಚಯ್ಯ ಕ್ಯಾನು ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದ.

ಠಾಣೆಯಲ್ಲಿ ಇನ್ನೂ ಕಸ ಗುಡಿಸುತ್ತಿದ್ದರು. ಬರೆಯುವ ಮೇಜಿನ ಹಿಂದೆ ಕುಳಿತಿದ್ದ ದಪ್ಪ ಮೀಸೆಯ ಪೇದೆ ದೂರನ್ನು ಮೊದಲಿನಿಂದ ಓದಿದ. ಮೊದಲನೆಯ ಹೆಸರು ಮುನಿಯಪ್ಪನದು, ಅದಕ್ಕೆ ಅವನ ಹುಬ್ಬು ಏರಲಿಲ್ಲ. ಎರಡನೆಯದಕ್ಕೆ ಬಂದಾಗ ಕನ್ನಡಕ ತೆಗೆದ.

“ಮುನಿರತ್ನಮ್ಮ ಅಂದ್ರೆ ಯಾರಮ್ಮ?”

“ನಮ್ ತಾಯಿ,” ಎಂದಳು ಸಿರಿ.

“ಇವ್ರಾ?” ಪೇದೆ ಬೆಂಚಿನ ತುದಿಯಲ್ಲಿ ಸೆರ‍ಗು ಹೊದ್ದು ಕುಳಿತವಳನ್ನು ನೋಡಿದ. “ನಿಂಗೇನು ತಲೆ ಕೆಟ್ಟೈತಾ? ಹೆತ್ತವ್ಳ ಮೇಲೆ ಕೇಸು ಹಾಕ್ತೀಯಾ? ನಾನು ಇದನ್ನ ತಗಂಡ್ರೆ ಆಯಮ್ಮ ನಾಳೆ ಕೋರ್ಟು ಕಚೇರಿ ಅಲೀಬೇಕು. ನೆಪ್ಪಿರ್ಲಿ. ಮನೇಲಿ ಕೂತು ಬಗೆಹರಿಸ್ಕಳಿ, ಹೋಗಿ.”

ಎರಡು ದಿನದಿಂದ ಬಿಗಿಹಿಡಿದಿದ್ದ ಸಿರಿಯ ಮುಖ ಮಕ್ಕಳ ಮುಖದಂತೆ ಮುದುಡಿಕೊಂಡು, ಕಣ್ಣಿನಿಂದ ನೀರು ದಳದಳನೆ ಇಳಿಯಿತು. ಮೇಜಿನ ಮೇಲಿದ್ದ ಕಾಗದವನ್ನು ಹಿಂದಕ್ಕೆ ಎಳೆದುಕೊಂಡಳು.

“ಬೇಡ ಸರ್. ಕೊಡಿ. ಹೋದ್ರೆ ಹೋಗ್ಲಿ, ನಂಬರ್ ಹೋದ್ರೆ ಹೋಗ್ಲಿ. ನಡಿಯವ್ವ, ಮನೆಗೋಗನ.”

ಮುನಿರತ್ನಮ್ಮ ಬೆಚ್ಚಿಬಿದ್ದಳು. ಪೇದೆ ಕೋರ್ಟು ಎಂದಾಗ ಆಗದ ಗಾಬರಿ ಅವಳಿಗೆ ಈಗ ಆಯಿತು. ತಾನು ಹಾಳು ಮಾಡಿದ್ದಕ್ಕಿಂತ ಹೆಚ್ಚಿನದನ್ನು ಮಗಳು ತನಗಾಗಿ ಹಾಳುಮಾಡಿಕೊಳ್ಳಲು ಹೊರಟಿದ್ದಳು. ಎದ್ದು ಬಂದವಳೇ ಸಿರಿಯ ಕೈಯಿಂದ ಕಾಗದ ಬಿಡಿಸಿಕೊಂಡು, ಸುಕ್ಕಾದ ಮೂಲೆಯನ್ನು ಅಂಗೈಯಿಂದ ತೀಡಿ, ಪೇದೆಯ ಮುಂದೆ ಇಟ್ಟಳು.

“ತಗಳಿ ಸ್ವಾಮಿ,” ಎಂದಳು. “ನನ್ ಮಗಳು ಬರ್ದಿರೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ.”